ಆಕಾಶದ ಗುಂಡು ಯಾರದ್ದು?

ಆಕಾಶದಿಂದ ಬಿದ್ದ ಗಡಿಗೆ ಗಾತ್ರದ ಲೋಹದ ಗುಂಡೊಂದು ನಮ್ಮ ಮನೆಯ ಶೀಟು ಸೀಳಿ, ಹೊಲಿಗೆ ಹಾಕುತ್ತಿದ್ದ ಅಕ್ಕನ ಬಲಗೈ ಮುರಿಯಿತು. ಯಾವುದೋ ರಾಕೆಟ್ಟಿನ ಟ್ಯಾಂಕಂತೆ. ಯಾವ ದೇಶದ್ದು ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಒಪ್ಪಿಕೊಂಡವನೇ ಹೊಣೆ ಹೊರಬೇಕಲ್ಲ!

ಬಾಹ್ಯಾಕಾಶದಲ್ಲಿ ದೇಶಗಳು ಹೇಗೆ ನಡೆದುಕೊಳ್ಳಬೇಕು ಎಂಬ ಸಭೆಗೆ ನಮ್ಮಿಬ್ಬರನ್ನೂ ಕರೆದರು. ಗುಂಡನ್ನೂ ತನ್ನಿ ಎಂದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅದನ್ನು ಮದುಮಗನ ಹಾಗೆ ಕೂರಿಸಿದರು. ಬೆಳಿಗ್ಗೆಯೆಲ್ಲ ಒಂದು ಪದಕ್ಕೆ ಜಗ್ಗಾಟ. ‘ಹೊಣೆ’ ಬೇಡ, ‘ಎಚ್ಚರ’ ಸಾಕು. ಆಮೇಲೆ ಎಚ್ಚರದ ಮುಂದೂ ‘ಸಾಧ್ಯವಾದಷ್ಟು’ ಎಂದು ಸೇರಿಸಿ ಚಪ್ಪಾಳೆ ತಟ್ಟಿಕೊಂಡರು.

ನಾನು ಎದ್ದು ನಿಂತೆ. “ಇದು ಯಾರದ್ದು? ಅಷ್ಟು ಹೇಳಿ ಸಾಕು.”

ಅಧ್ಯಕ್ಷರು ನಕ್ಕರು. “ತಮ್ಮಾ, ಇಲ್ಲಿ ಯಾರ ಕಡೆಗೂ ಬೊಟ್ಟು ಮಾಡೋ ಹಾಗಿಲ್ಲ.”

“ಹಾಗಾದ್ರೆ ಯಾರದ್ದೂ ಅಲ್ಲ?”

ಅಧ್ಯಕ್ಷರು ಮುಂದಿನ ಹಾಳೆ ತಿರುವಿದರು.

“ಸರಿ. ಬಿದ್ದಿದ್ದು ನಮ್ಮನೇಲಿ. ನಮ್ದು.”

ಹೆಗಲಿಗೇರಿಸಿಕೊಂಡು ಹೊರಬಿದ್ದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಗ್ಯಾರೇಜು ಸೇರಿದವನು ನಾನು. ಬೆಳಿಗ್ಗೆ ಕಿತ್ತಿಟ್ಟುಕೊಂಡಿದ್ದ ನನ್ನ ಹತಾರದ ಚೀಲವನ್ನು ಗೇಟಿನ ಕಾವಲುಗಾರ ವಾಪಸ್ ಕೊಟ್ಟ. ಅದರಿಂದ ಗರಗಸ ತೆಗೆದೆ. ಟಿವಿಯವರು ಕ್ಯಾಮರಾ ಹೊತ್ತು ಸುತ್ತ ನೆರೆದರು.

“ಏನೋ ಮಾಡ್ತೀಯ?” ಅಕ್ಕ ಕೇಳಿದಳು.

“ಸೀಳಿದ್ರೆ ಎರಡು ಬಾಣಲೆ ಆಗತ್ತೆ.”

“ಅಡುಗೆನೂ ನೀನೇ ಮಾಡು ಹಾಗಾದ್ರೆ. ನಂಗೆಲ್ಲಿದೆ ಕೈ?”

ಗರಗಸ ಕರ್ ಎಂದಿತು. ಬೆಳಿಗ್ಗೆಯಿಂದ ತುಟಿ ಬಿಚ್ಚದೆ ಕೂತಿದ್ದ ಪ್ರತಿನಿಧಿಯೊಬ್ಬ ಮೆಟ್ಟಿಲು ಹಾರಿ ಓಡಿಬಂದ, ತನ್ನ ಭಾಷೆಯಲ್ಲಿ ಕಿರುಚುತ್ತ. ಗುಂಡಿನೊಳಗಿನ ಗುಟ್ಟು ಬಯಲಾದೀತೆಂಬ ಭಯ ಮುಖದ ಮೇಲೇ ಇತ್ತು. ಹಿಂದೆಯೇ ಏದುಸಿರು ಬಿಡುತ್ತ ಬಂದ ದುಭಾಷಿ ಹೆಂಗಸು, ಅಭ್ಯಾಸಬಲದಿಂದ, ಗೇಟಿಗೆಲ್ಲ ಕೇಳುವಂತೆ ಹೇಳಿಯೇಬಿಟ್ಟಳು: “ನಿಲ್ಸು! ಅದು ನಮ್ಮ ದೇಶದ ಸ್ವತ್ತು!”

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಕ್ಯಾಮರಾಗಳು ಅವನತ್ತ ತಿರುಗಿದವು. ಇಂಗು ತಿಂದ ಮಂಗ!

“ಇನ್ನೊಂದ್ಸಲ ಹೇಳಕ್ಕೆ ಹೇಳಿ ಮೇಡಂ,” ಎಂದೆ. “ಜೋರಾಗಿ.”

ಅವನು ಪಿಸುಗುಟ್ಟಿದ. ಆಕೆಯೂ ಪಿಸುಗುಟ್ಟಿದಳು: “ಒಳಗೆ ಕೂತು ಮಾತಾಡೋಣ ಅಂತಾರೆ.”

“ಒಳಗಿನ ಮಾತು ಕೇಳಿ ಹೊಟ್ಟೆ ತುಂಬಿದೆ,” ಎಂದಳು ಅಕ್ಕ. ಪಟ್ಟಿ ಕಟ್ಟಿದ ಕೈಯನ್ನು ಅವನ ಮೂಗಿನ ಮುಂದೆ ಹಿಡಿದಳು. “ಗುಂಡು ನಿಮ್ದಾದ್ರೆ ಇದೂ ನಿಮ್ದೇ. ಇಲ್ಲೇ ಒಪ್ಕೊಳ್ಳಿ, ಬೀದೀಲಿ.”

ಅವನು ಗುಂಡನ್ನು ನೋಡಿದ, ಕೈಯನ್ನು ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ.

ನಾನು ಮತ್ತೆ ಕೊಯ್ಯತೊಡಗಿದೆ.