ದೊಡ್ಡಮ್ಮನ ಪಾಸ್‌ವರ್ಡ್

ಈಗ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅವರವರ ಲಾಗಿನ್, ಅವರವರ ಫೋಲ್ಡರ್. ನೆಮ್ಮದಿಯಂತೆ, ಮಣ್ಣಂಗಟ್ಟಿ! ಈ ನೆಮ್ಮದಿಯನ್ನು ತಂದ ಬೃಹಸ್ಪತಿ ನಾನೇ, ಹಾಗಾಗಿ ಬೈದರೆ ನನಗೇ ಬೈಯಬೇಕು.

ಮನೆಗಳ ನಕ್ಷೆ ಬರೆಯುವ ಆಫೀಸು ನಮ್ಮದು. ನಾನೂ ಸೇರಿ ಹನ್ನೊಂದು ಜನ ಬರೆಯುವವರು. ನಕ್ಷೆಗಳೆಲ್ಲ ಮೆಟ್ಟಿಲ ಕೆಳಗಿನ ಸರ್ವರಿನಲ್ಲಿ ಇರುತ್ತಿದ್ದವು, ಅದಕ್ಕಿದ್ದದ್ದು ಒಂದೇ ಲಾಗಿನ್. ಹಿಂದೊಮ್ಮೆ ಯಾರೋ ನಕ್ಷೆ ಕದ್ದೊಯ್ದಿದ್ದರಿಂದ ಯಜಮಾನರು ಪಾಸ್‌ವರ್ಡನ್ನು ದೊಡ್ಡಮ್ಮನೊಬ್ಬರಿಗೇ ಕೊಟ್ಟಿದ್ದರು. ದೊಡ್ಡಮ್ಮ ಅಂದರೆ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಫೋನ್ ಎತ್ತುವವರು; ನಮಗೆಲ್ಲ ಹಿರಿಯರೆಂದು ಹಾಗೆ ಕರೆಯುತ್ತಿದ್ದೆವು. ದಿನಾ ಒಂಬತ್ತೂವರೆಗೆ ಮೇಜಿಂದ ಮೇಜಿಗೆ ಬಂದು, ಮುಖ ಆ ಕಡೆ ತಿರುಗಿಸಲು ಹೇಳಿ, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತುತ್ತಿದ್ದರು. ಒತ್ತುತ್ತಾ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಗೊಣಗಿಕೊಳ್ಳುತ್ತಿದ್ದರು. ಪಾಪ, ಅದು ಅವರಿಗೇ ಗೊತ್ತಿರಲಿಲ್ಲ. ಜೊತೆಗೆ ನನ್ನ ಹೆಂಡತಿಯ ಕೆಮ್ಮು, ಪಕ್ಕದವನ ಮಗಳ ಪರೀಕ್ಷೆ, ಎಲ್ಲ ವಿಚಾರಿಸಿಕೊಂಡೇ ಮುಂದಕ್ಕೆ ಹೋಗುತ್ತಿದ್ದರು. ಎಷ್ಟು ಚೆನ್ನಾಗಿತ್ತು ಆ ಹೊತ್ತು!

ಪ್ರಿಂಟರ್ ರಿಪೇರಿ ಬರುತ್ತದೆಂಬ ಒಂದೇ ಕಾರಣಕ್ಕೆ ಯಜಮಾನರು ಕಂಪ್ಯೂಟರುಗಳ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ನನಗೆ ಕೊಂಬು ಬಂತು. ಒಬ್ಬೊಬ್ಬರಿಗೂ ಒಂದು ಲಾಗಿನ್ ಕೊಡೋಣ, ಯಾರು ಯಾವ ಫೋಲ್ಡರ್ ತೆರೆಯಬಹುದೆಂದು ಅದರಿಂದಲೇ ಗೊತ್ತುಮಾಡೋಣ ಎಂದೆ. ಎಲ್ಲರೂ ಸೇರಿದ್ದಾಗ ದೊಡ್ಡಮ್ಮ ಬೇಡವೆಂದರು. ಒಂಬತ್ತು ವರ್ಷದಲ್ಲಿ ಒಬ್ಬರಿಗೂ ಪಾಸ್‌ವರ್ಡ್ ಬಿಟ್ಟುಕೊಟ್ಟಿಲ್ಲ, ಈಗೇನು ಬಂತು ಎಂದರು. ನನಗೆ ಗೆಲ್ಲುವ ಆತುರ.

"ಅಯ್ಯೋ ದೊಡ್ಡಮ್ಮ, ಟೈಪ್ ಮಾಡ್ತಾ ನೀವೇ ಹೇಳ್ಕೋತೀರಲ್ಲ. ಇಲ್ಲಿರೋ ಎಲ್ರಿಗೂ ಗೊತ್ತು."

ದೊಡ್ಡಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬೊಬ್ಬರೂ ತಲೆ ತಗ್ಗಿಸಿದರು. ಮಧ್ಯಾಹ್ನವೇ ದೊಡ್ಡಮ್ಮ, ತಿಂಗಳ ಕೊನೆಗೆ ಬಿಡುತ್ತೇನೆಂದು ಯಜಮಾನರಿಗೆ ರಾಜೀನಾಮೆ ಬರೆದುಕೊಟ್ಟರು. ಒಂಬತ್ತು ವರ್ಷ ನಾವೆಲ್ಲ ಅವರನ್ನು ಕೋಡಂಗಿ ಮಾಡಿ, ಕದ್ದು ಒಳಹೊಕ್ಕು, ಬೆನ್ನ ಹಿಂದೆ ನಕ್ಕಿದ್ದೇವೆ ಎಂದೇ ಅವರು ತಿಳಿದರು. ಹಾಗಲ್ಲವೆಂದರೆ ನಂಬಲಿಲ್ಲ. ತಪ್ಪಾಯಿತೆಂದೆ, ಬಾರದ ಫೋನ್ ಎತ್ತಿಕೊಂಡು ಆ ಕಡೆ ತಿರುಗಿದರು. ನನ್ನ ನಾಲಿಗೆಯನ್ನು ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು ನನಗೆ.

ಹಳೆಯ ಲಾಗಿನ್ ಮುಚ್ಚುವ ಮೊದಲು ಸರ್ವರಿನ ದಾಖಲೆ ತೆಗೆದೆ. ಯಾವ ದಿನ ಎಷ್ಟು ಸಲ ಲಾಗಿನ್ ಆಗಿದೆ ಎಂದು ಅದರಲ್ಲಿರುತ್ತದೆ. ಹಿಂದಿನ ವರ್ಷ ಗಂಡನ ಕಣ್ಣಿನ ಆಪರೇಷನ್ನಿಗೆಂದು ದೊಡ್ಡಮ್ಮ ನಾಲ್ಕು ದಿನ ರಜೆ ಹಾಕಿದ್ದರು. ಆ ದಿನಗಳ ಪುಟವನ್ನು ಪ್ರಿಂಟ್ ಮಾಡಿ ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ನಾಲ್ಕೂ ದಿನ ಸೊನ್ನೆ.

"ಗೊತ್ತಿತ್ತು ಅಂದ್ಯಲ್ಲೋ, ಮತ್ತೆ ಯಾರೂ ಹಾಕ್ಕೊಳ್ಲೇ ಇಲ್ವಾ?"

"ಇಲ್ಲ."

"ನಾಲ್ಕು ದಿನ ಏನ್ ಮಾಡ್ತಿದ್ರಿ ಹಾಗಾದ್ರೆ?"

"ಸರ್ವರ್ ಕೆಟ್ಟಿದೆ ಅಂತ ಯಜಮಾನ್ರಿಗೆ ಸುಳ್ಳು ಹೇಳಿ, ಪೆನ್ಸಿಲ್ ಕೆತ್ಕೊಂಡು ಕೂತಿದ್ವಿ. ನೀವು ಬರ್ಲಿ ಅಂತ."

ದೊಡ್ಡಮ್ಮ ಆ ಪುಟವನ್ನು ಮತ್ತೊಮ್ಮೆ ಬೆರಳಿಟ್ಟು ಓದಿದರು. ಆಮೇಲೆ, "ಕತ್ತೆಗಳಾ, ನಾನು ಸತ್ತೇ ಹೋಗಿದ್ರೆ ಏನ್ ಮಾಡ್ತಿದ್ರೋ?" ಎಂದು ಬೈದರು. ಕಣ್ಣೊರೆಸಿಕೊಂಡು ಎದ್ದು, ಯಜಮಾನರ ಕೋಣೆಗೆ ಹೋಗಿ, ತಮ್ಮ ರಾಜೀನಾಮೆಯನ್ನು ವಾಪಸ್ ಕೇಳಿದರು.