ಮುಳ್ಳಿಗೆ ಸಿಕ್ಕ ಉಣ್ಣೆ

ಆ ಶುಕ್ರವಾರ ಬೆಳಿಗ್ಗೆ ಹಾಸಿಗೆ ಮಡಚುವಾಗ ರವಿಕಿರಣನಿಗೆ ಕಂಡಿತು: ದಿಂಬಿನ ಒಂದು ತುದಿಯಲ್ಲಿ ಮಾತ್ರ ತಗ್ಗು ಬಿದ್ದಿತ್ತು. ಇಬ್ಬರು ತಲೆಯಿಟ್ಟು ಮಲಗುವಷ್ಟು ಉದ್ದದ ದಿಂಬು ಅದು. ಮಲಗುವವನು ಅವನೊಬ್ಬನೇ. ಎರಡು ತಿಂಗಳಿಂದ ಅವನು ನಿದ್ದೆಯಲ್ಲಿ ಗೋಡೆಗೆ ಸರಿದು, ಉಳಿದರ್ಧವನ್ನು ಯಾರಿಗೋ ಬಿಟ್ಟುಕೊಟ್ಟವನ ಹಾಗೆ ಮಲಗಿದ್ದ. ಆ ಅರ್ಧ ಹೊಲಿದ ದಿನದಂತೆಯೇ ಉಬ್ಬಿಕೊಂಡಿತ್ತು.

ದಿಂಬಿನೊಳಗಿನದು ಅವನ ಊರಿನ ಉಣ್ಣೆ. ದೀಪಾವಳಿಗೆ ಡಾಬಕಾಕ್ಕೆ ಹೋಗಿದ್ದಾಗ, ಅವ್ವ ಮಲಗುವ ಮೂಲೆಯಲ್ಲಿ ಕಪ್ಪು ಉಣ್ಣೆ ತುಂಬಿದ ಗೋಣಿಚೀಲವೊಂದು ಗೋಡೆಗೆ ಒರಗಿ ನಿಂತಿತ್ತು. ಅವ್ವ ಗುರಮ್ಮ ಚಿಕ್ಕಂದಿನಿಂದ ಅವನು ಕಂಡ ಹಾಗೆ ಮಾತು ಕಡಿಮೆಯ ಹೆಂಗಸು. ಕುರಿ ಹಿಂಡು ಹಾದುಹೋದ ಮೇಲೆ ಜಾಲಿ ಬೇಲಿಗುಂಟ ಒಬ್ಬಳೇ ನಡೆಯುತ್ತಾಳೆ, ಮುಳ್ಳಿಗೆ ಸಿಕ್ಕ ಉಣ್ಣೆಯನ್ನು ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಾಳೆ. ಮನೆಯಲ್ಲೇ ನೂರೈವತ್ತು ಕುರಿಗಳಿವೆ. ಉಣ್ಣೆ ಕತ್ತರಿಸಿದಾಗ ರಾಶಿ ಬೀಳುತ್ತದೆ. ಆದರೂ ಬೇಲಿ ಆರಿಸುವುದು ತಪ್ಪುವುದಿಲ್ಲ. ಊರವರು ಅವಳ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದರು. ಓದಿದ ಮಗ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೇ. ಹುಳ ಬೀಳುತ್ತದೆಂದು ಚೀಲವನ್ನು ಬೀದರಕ್ಕೆ ಹೊತ್ತು ತಂದ. ಅವ್ವ ಹೊಲದಿಂದ ಬರುವ ಮೊದಲೇ ಬಸ್ಸು ಹತ್ತಿದ್ದ.

ಬೀದರದಲ್ಲಿ ಅವನ ಕೋಣೆ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ, ಮುನವ್ವರ ಬೇಗಂ ಅವರ ಮಾಳಿಗೆಯ ಮೇಲೆ. ಕೆಳಗೆ ಅವರು ಗಾದಿ ಹೊಲಿಯುತ್ತಾರೆ. ಚೀಲ ಕಂಡದ್ದೇ ಅವರು ಉದ್ದ ದಿಂಬು ಮಾಡಿಕೊಟ್ಟಿದ್ದರು. “ಇಬ್ಬರು ಮಲಗೋ ತಕ್ಯಾ ಮಾಡೀನಿ ಬೇಟಾ. ಇವತ್ತಿಲ್ಲ ನಾಳಿ ಬೇಕಾಗ್ತದ,” ಎಂದು ನಕ್ಕಿದ್ದರು.

ಅಲ್ಲಿಂದ ಈಚೆಗೆ ಊರಿನಿಂದ ಬರುವ ಸುದ್ದಿ ಕೆಟ್ಟಿತ್ತು. ಮೊದಲು ಸಂಜೆಗೆ ಮನೆ ಸೇರುತ್ತಿದ್ದ ಅವ್ವ ಈಗ ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾದರೂ ಬರುವುದಿಲ್ಲ. ಎರಡು ಸಲ ಗಡಿಯಾಚೆ, ಮಹಾರಾಷ್ಟ್ರದ ಡಾಂಬರು ರಸ್ತೆಯ ಬೇಲಿಯಲ್ಲಿ ಸಿಕ್ಕಿದ್ದಳು. “ಯಾವುದಾರ ಲಾರಿ ಬಾಯಿಗಿ ಬೀಳ್ತಾಳ ತಮ್ಮಾ,” ಎಂದು ಬಕ್ಕಪ್ಪ ಕಾಕಾ ಫೋನಿನಲ್ಲಿ ಹೇಳಿದ್ದ. ಇಂಥವರನ್ನು ಇಟ್ಟುಕೊಳ್ಳುವ ಆಶ್ರಮವೊಂದನ್ನು ರವಿಕಿರಣನೇ ವಿಚಾರಿಸಿ ಬಂದಿದ್ದ. ಸೋಮವಾರ ಅವಳನ್ನು ಕರೆತಂದು ಅಲ್ಲಿ ಬಿಡುವುದೆಂದು ಮಾತಾಗಿತ್ತು. ಅಲ್ಲಿನ ಕೋಣೆಗಳಿಗೆ ಹೊರಗಿನಿಂದ ಅಗಳಿ ಇರುವುದನ್ನು ಅವನು ನೋಡಿದ್ದ. ನೋಡಿಯೂ ಹೂಂ ಅಂದು ಬಂದಿದ್ದ.

ದಿನವೂ ರೈಲು ಹಿಡಿದು ಭಾಲ್ಕಿಗೆ ಹೋಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಪರೀಕ್ಷೆಗೆ ಕೂಡುವವರಿಗಾಗಿ ಇಂಗ್ಲಿಷಿನ ಇನ್ನೂರು ನುಡಿಗಟ್ಟುಗಳ ಪುಸ್ತಕ ಬರೆಯುತ್ತಿದ್ದ: ಪ್ರತಿಯೊಂದಕ್ಕೂ ಅರ್ಥ, ಅದು ಹುಟ್ಟಿದ ಬಗೆ. ಬರೆದದ್ದನ್ನು ಮೊದಲು ತರಗತಿಯಲ್ಲಿ ಹೇಳಿ ನೋಡುವುದು ರೂಢಿ. ಆ ದಿನ ಬಂದದ್ದು ‘ವೂಲ್ ಗ್ಯಾದರಿಂಗ್’.

“ಅರ್ಥ: ಮನಸ್ಸು ನೆಲೆಯಿಲ್ಲದೆ ಎಲ್ಲೋ ಅಲೆಯುವುದು,” ಎಂದು ಹೇಳಿ ಬರೆಸಿದ. “ಹುಟ್ಟಿದ ಬಗೆ: ಹಿಂದೆ ಇಂಗ್ಲೆಂಡಿನಲ್ಲಿ ಬಡ ಹೆಂಗಸರು ಬೇಲಿಗುಂಟ ನಡೆದು, ಕುರಿ ಹಾಯುವಾಗ ಮುಳ್ಳಿಗೆ ಸಿಕ್ಕ ಉಣ್ಣೆ ಆರಿಸುತ್ತಿದ್ದರು. ಒಂದು ದಾರಿ ಹಿಡಿದು ನಡೆಯುವ ಕೆಲಸವಲ್ಲ. ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ. ನೋಡಿದವರಿಗೆ ಅವರು ಗುರಿಯಿಲ್ಲದೆ ಅಲೆಯುತ್ತಿದ್ದಾರೆ ಅನ್ನಿಸಿತು.”

ಬರೆಸುತ್ತಿದ್ದಂತೆ ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿತು. ಮೂರನೆಯ ಸಾಲಿನಲ್ಲಿ ಆರತಿ ಎಂಬ ಹುಡುಗಿ ಪೆನ್ನು ಕೆಳಗಿಟ್ಟಳು. ಅವಳದೂ ಕುರಿ ಸಾಕುವ ಮನೆ.

“ಸರ್, ನಮ್ಮ ಆಯಿ ಈಗೂ ಆರಿಸ್ತಾಳ್ರಿ. ಆಕಿ ಮನಸ್ಸು ಎಲ್ಲೂ ಹೋಗಂಗಿಲ್ರಿ.”

“ಅದು ಹ್ಯಾಂಗ ಹೇಳ್ತಿ?”

“ಜಾಲಿ ಮುಳ್ಳಿನ್ಯಾಗ ಕೈ ಇಟ್ಟು ಮನಸ್ಸು ಬ್ಯಾರೆ ಕಡಿ ಬಿಟ್ರ ಬೆರಳು ಉಳೀತಾವೇನ್ರಿ? ಹಂಗ ಅಂದಾವ್ರು ದೂರ ನಿಂತು ನೋಡ್ಯಾರ್ರಿ. ಒಂದ ದಿನಾನೂ ತಾವ ಆರಿಸಿಲ್ಲ.”

ಹುಡುಗರು ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ, “ಸರ್, ಪರೀಕ್ಷೆದಾಗ ಇದನ್ನ ಬರದ್ರ ಮಾರ್ಕು ಬರ್ತಾವೇನ್ರಿ?” ಎಂದ. ರವಿಕಿರಣನ ಕಣ್ಣ ಮುಂದೆ ಅವ್ವನ ಕೈಗಳಿದ್ದವು. ಇಷ್ಟು ವರ್ಷದಲ್ಲಿ ಆ ಬೆರಳುಗಳಲ್ಲಿ ಒಂದು ಗೀರನ್ನೂ ಅವನು ಕಂಡಿರಲಿಲ್ಲ.

ಸಂಜೆ ಬೀದರಕ್ಕೆ ಬಂದವನೇ ಮೇಲೆ ಹತ್ತದೆ ಮುನವ್ವರ ಬೇಗಂ ಅವರ ಬಾಗಿಲಲ್ಲಿ ನಿಂತ. ಅವರು ಗಾದಿಯೊಂದಕ್ಕೆ ದಬ್ಬಳ ಹಾಕುತ್ತಿದ್ದರು.

“ಖಾಲಾ, ನಾ ತಂದ ಉಣ್ಣಿ ಹ್ಯಾಂಗ ಇತ್ತು?”

“ಈಗ ಕೇಳ್ತಿಯಲ್ಲ.” ಅವರು ತಲೆ ಎತ್ತಲಿಲ್ಲ. “ನಲವತ್ತ ವರ್ಷ ಆತು ಈ ಧಂದೆ. ಅಂಥ ಉಣ್ಣಿ ನೋಡಿಲ್ಲ. ಚೀಲ ಪೂರಾ ಸುರುವಿದೆ, ಒಂದ ಮುಳ್ಳ ಸಿಗಲಿಲ್ಲ. ಎಳಿ ಎಳಿ ಬಿಡಿಸಿ, ತೊಳದು, ಒಣಗಿಸಿ ಇಟ್ಟಿದ್ರು. ಗಾದ್ಯಾಗ ತುಂಬೋ ಉಣ್ಣಿ ಅಲ್ಲದು. ನೀನ ಕಸ ಕಚರಾ ಅಂದಿ, ನಾ ಸುಮ್ಮನಾದೆ.” ಎದ್ದು ಗೂಡಿನಿಂದ ಒಂದು ತಗಡಿನ ಡಬ್ಬಿ ತೆಗೆದರು. “ತಳದಾಗ ಇದು ಇತ್ತು. ಬಿಸಾಕಲಿಕ್ಕೆ ಮನಸಾಗಲಿಲ್ಲ.”

ಕಪ್ಪು ಉಣ್ಣೆಯ ಹುರಿ. ಉದ್ದಕ್ಕೂ ಗಂಟುಗಳು. ಒಂದು ತುದಿಯಿಂದ ಮೊದಲ ಗಂಟುಗಳ ನಡುವೆ ಗೇಣುದ್ದ, ಬೆರಳುದ್ದ ಅಂತರ. ಬರುಬರುತ್ತ ಹತ್ತಿರವಾಗಿ, ಕೊನೆಯ ಎಂಟೋ ಹತ್ತೋ ಗಂಟುಗಳು ಒಂದರ ಮೇಲೊಂದು ಕೂತು ಕಾಳಿನಂತಾಗಿದ್ದವು. ಅವನಿಗೆ ಗುರುತು ಸಿಕ್ಕಿತು. ಪ್ರತಿ ದೀಪಾವಳಿಗೆ ಎಣ್ಣೆ ಹಚ್ಚಿಸಿಕೊಂಡು ನಿಂತಾಗ ಅವ್ವ ಬೆನ್ನ ಹಿಂದೆ ನಿಂತು ಹಿಮ್ಮಡಿಯಿಂದ ನೆತ್ತಿಯವರೆಗೆ ಇದೇ ಹುರಿ ಎಳೆಯುತ್ತಿದ್ದಳು. ದೃಷ್ಟಿ ತೆಗೆಯುತ್ತಾಳೆಂದು ಅವನು ತಿಳಿದಿದ್ದ. ಅವನು ಹುರಿಯ ತುದಿಯನ್ನು ಹಿಮ್ಮಡಿಯ ಕೆಳಗೆ ಇಟ್ಟುಕೊಂಡು ಎತ್ತಿ ಹಿಡಿದ. ಗಂಟುಗಳ ಆ ಕಾಳು ಸರಿಯಾಗಿ ನೆತ್ತಿಗೆ ಬಂತು.

ಮುನವ್ವರ ಬೇಗಂ ಸೂಜಿ ನಿಲ್ಲಿಸಿ ನೋಡುತ್ತಿದ್ದರು. “ಯಾರ ಅಳತಿ ಅದು?”

“ನನ್ನದ,” ಎಂದ. ಹಾಗಂದ ಮೇಲೆ ಆ ಮಾತು ಪೂರ್ತಿ ನಿಜವಲ್ಲವೆಂದು ಯಾಕೋ ಅನ್ನಿಸಿತು.

ಮರುದಿನ ದಿಂಬನ್ನು ಚಾದರದಲ್ಲಿ ಕಟ್ಟಿಕೊಂಡು ಊರಿಗೆ ಹೋಗಲು ಔರಾದದ ಬಸ್ಸು ಹತ್ತಿದ. “ಮಾಸ್ತರ್ರ, ಮಲ್ಕೊಂಡ ಹೋಗ್ತೀರೇನು? ಅದಕ್ಕೂ ಒಂದು ಟಿಕೆಟ್ ಹರೀಲೇನು?” ಎಂದು ಕಂಡಕ್ಟರ್ ಕೇಳಿದ. ರವಿಕಿರಣ ಪಕ್ಕದ ಸೀಟಿನಿಂದ ದಿಂಬನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬಸ್ಸು ತುಂಬಿತ್ತು. ಆದರೂ ಆ ಸೀಟಿನಲ್ಲಿ ಔರಾದದವರೆಗೆ ಯಾರೂ ಕೂಡಲಿಲ್ಲ.

ಡಾಬಕಾದ ಮನೆಯಂಗಳದಲ್ಲಿ ಬಕ್ಕಪ್ಪ ಕಾಕಾನ ಹೆಂಡತಿ ಕಾಂತಾಬಾಯಿ ಕಾಕಿ ತೊಗರಿ ಹಸನು ಮಾಡುತ್ತಿದ್ದಳು. ಅವನು ಮಾತಾಡದೆ ಹುರಿಯನ್ನು ಮೊರದೊಳಗೆ ಇಟ್ಟ. ಕಾಕಿಯ ಕೈ ನಿಂತಿತು.

“ಇದು ನಿನ್ನ ಕೈಗಿ ಹ್ಯಾಂಗ ಬಂತು?”

“ಉಣ್ಣೀ ಚೀಲದಾಗ ಇತ್ತು. ಏನಿದು ಕಾಕಿ?”

ಕಾಕಿ ಮೊರವನ್ನು ಪಕ್ಕಕ್ಕಿಟ್ಟು ಬಾಗಿಲ ಕಡೆ ನೋಡಿದಳು. ಆ ಮನೆಯಲ್ಲಿ ಮೌನ ಹೊಸದೇನಲ್ಲ. ಆದರೆ ಪ್ರತಿ ಮೌನದ ಹಿಂದೆ ಯಾರೋ ನಿಂತಿದ್ದಾರೆಂದು ಅವನಿಗೆ ಆ ದಿನ ಮೊದಲ ಸಲ ತಿಳಿಯಿತು.

“ಉಳಿದ ಕೂಸಿನ ಮುಂದ ಹ್ವಾದ ಕೂಸಿನ ಮಾತು ತೆಗೀಬಾರದಂತ ನಿಮ್ಮ ಆಯಿ, ಅಂದ್ರ ನಮ್ಮತ್ತಿ, ಆಣಿ ಹಾಕಿದ್ಳು,” ಎಂದಳು ಕೊನೆಗೆ. “ನಿನ್ನ ಜೋಡಿ ಇನ್ನೊಂದು ಗಂಡ ಕೂಸು ಹುಟ್ಟಿತ್ತು. ಒಂಬತ್ತ ದಿನ ಇತ್ತು. ಹದಿಮೂರನೇ ದಿನ ತೊಟ್ಟಲಕ ಹಾಕಿ ಹೆಸರಿಡಬೇಕು, ಅಲ್ಲೀತನ ನಿಲ್ಲಲಿಲ್ಲ. ಹೆಸರಿಟ್ಟ ಕೂಸಿಗಿ ಮನಿ ಉಣ್ಣೀಲೆ ಕಂಬಳಿ ನೇಸ್ತೇವಲ್ಲ, ನಿನಗ ನೇಸಿದ್ರು. ಅದಕ ಹೆಸರಿಲ್ಲ, ಕಂಬಳಿನೂ ಇಲ್ಲ. ಬರೇ ಬಟ್ಟ್ಯಾಗ ಸುತ್ತಿ ಹೊಲದ ಬದುವಿಗಿ ಮಣ್ಣಾಗ ಇಟ್ಟು ಬಂದ್ರು. ಕಾರ್ತೀಕದ ಥಂಡಿ. ಒಂದ ಕಂಬಳಿ ಕೊಡ್ರಿ ಅಂತ ನಿಮ್ಮವ್ವ ಕೈ ಮುಗದ್ಳು. ಕತ್ರಿ ಹಾಕಿದ ಉಣ್ಣಿ ಹೆಸರಿದ್ದಾವ್ರ ಪಾಲು, ಮುಳ್ಳಿಗಿ ಸಿಕ್ಕಿದ್ದು ಯಾರದೂ ಅಲ್ಲ, ಬೇಕಂದ್ರ ಅದನ್ನ ಆರಿಸ್ಕೋ ಅಂದ್ಳು ನಿಮ್ಮ ಆಯಿ.”

“ಒಂದು ಕೂಸಿನ ಕಂಬಳಿಗಿ ಇಪ್ಪತ್ತೇಳು ವರ್ಷ ಬೇಕೇನು?”

“ಕೂಸಿಗಿ ಸಾಲುವಷ್ಟು ಆಗೋದ್ರಾಗ ನೀ ಬೆಳದಿ. ನೀ ಬೆಳದಂಗ ಅವನೂ ಬೆಳೀತಾನ ಅಂತಾಳ ಆಕಿ. ಅದಕ ಅಳತಿ. ಈ ದೀಪಾವಳಿಗಿ ಹುರಿ ಎಳದು, ಇನ್ನ ಬೆಳೆಯಂಗಿಲ್ಲ, ಸಾಕು ಅಂದ್ಳು. ನೇಕಾರಗ ಹೇಳೋದ ಬಾಕಿ ಇತ್ತು.”

ರವಿಕಿರಣ ದಿಂಬಿನ ಗಂಟನ್ನು ಹತ್ತಿರ ಎಳೆದುಕೊಂಡ. “ನಾ ಒಯ್ದೆ ಅಂತ ಗೊತ್ತಾದಾಗ ಅವ್ವ ಏನಂದ್ಳು?”

“ಏನಂತಾಳ. ಇವನಿಗೂ ಥಂಡಿ ಆಗಿರಬೇಕು, ಒಯ್ಯಲಿ ಬಿಡ್ರಿ ಅಂದ್ಳು. ಮರುದಿನದಿಂದ ಮತ್ತ ಮೊದಲಿಂದ ಆರಿಸ್ಲತ್ತಾಳ. ವಯಸ್ಸಾತು, ಇನ್ನ ಇಪ್ಪತ್ತೇಳು ವರ್ಷ ಎಲ್ಲಿಂದ ತರ್ತಾಳ? ಅದಕ ಅವಸರ ಮಾಡ್ಲತ್ತಾಳ. ದೂರ ದೂರ ಹೊಂಟಾಳ.”

ಅಷ್ಟರಲ್ಲಿ ಬಕ್ಕಪ್ಪ ಕಾಕಾ ಕುರಿದೊಡ್ಡಿಯಿಂದ ಬಂದ. ದಿಂಬನ್ನು ನೋಡಿ, “ಆಶ್ರಮದಾಗ ಹಾಸಿಗಿ ಅವ್ರ ಕೊಡಂಗಿಲ್ಲೇನು?” ಎಂದ.

“ಸೋಮವಾರ ಬ್ಯಾಡ ಕಾಕಾ. ಯಾವ ವಾರನೂ ಬ್ಯಾಡ.”

“ನೀನ ನೋಡಿ ಬಂದು ಹೇಳಿದ್ದಿ.”

“ದೂರ ನಿಂತು ನೋಡಿದ್ದೆ,” ಎಂದ ರವಿಕಿರಣ. ಕಾಕಾ ಹೆಂಡತಿಯ ಮುಖ ನೋಡಿದ, ಮೊರದಲ್ಲಿದ್ದ ಹುರಿಯನ್ನು ನೋಡಿದ. ಆಮೇಲೆ ಕೈಯೆತ್ತಿ ಅವ್ವ ಹೋದ ದಾರಿ ತೋರಿಸಿದ.

ಅವ್ವ ಸಿಕ್ಕಿದ್ದು ಊರಿಂದ ಒಂದು ಮೈಲು ಆಚೆ. ಅವಳು ಅವನನ್ನು ಕಂಡರೂ ಹಿಡಿದ ಟೊಂಗೆಯನ್ನು ಬಿಡಲಿಲ್ಲ. ಎಡಗೈಯಿಂದ ಮುಳ್ಳನ್ನು ಬಾಗಿಸಿ, ಬಲಗೈಯ ಎರಡು ಬೆರಳಿನಿಂದ ಎಳೆಯನ್ನು ಸುತ್ತಿ ಬಿಡಿಸಿಕೊಂಡಳು. ಮುಳ್ಳು ಅಲುಗಲಿಲ್ಲ. ಅವಳ ಕಣ್ಣು ಆ ಒಂದು ಎಳೆಯ ಮೇಲಿತ್ತು. ಜಗತ್ತಿನಲ್ಲಿ ಬೇರೆ ಎಲ್ಲೂ ಇರಲಿಲ್ಲ. ಸೆರಗಿನಲ್ಲಿ ಎರಡು ತಿಂಗಳ ಉಣ್ಣೆಯಲ್ಲ, ಆ ಬೆಳಗಿನದು ಮಾತ್ರ ಇತ್ತು. ಒಂದು ಹಿಡಿ.

ಅವನು ಚಾದರ ಬಿಚ್ಚಿದ. ಅವಳು ದಿಂಬನ್ನು ಮೂಗಿಗೆ ಹಿಡಿದು ನೋಡಿದಳು. ಅಂಗೈಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಎಳೆದಳು. ತಲೆಯ ಎಣ್ಣೆ ಅಂಟಿ ತಗ್ಗಾದ ಕಡೆ ಕೈ ನಿಂತಿತು.

“ಇಲ್ಲಿ ನೀ ಮಲಗೀದಿ.”

“ಹೌದವ್ವ.”

ಅವಳ ಕೈ ಉಬ್ಬಿದ ಕಡೆಗೆ ಹೋಯಿತು. “ಈ ಕಡಿ ಯಾಕ ಬಿಟ್ಟಿ? ಯಾರ ಹೇಳಿದ್ರು?”

“ಯಾರೂ ಹೇಳಿಲ್ಲ.”

ಅವಳು ಅವನ ಮುಖವನ್ನು ನೋಡಿದಳು. ಹುಟ್ಟಿದಾಗಿನಿಂದ ಅವಳು ಅವನನ್ನು ನೋಡುವಾಗ ನೋಟ ಒಂದಿಷ್ಟು ಪಕ್ಕಕ್ಕೆ ಬೀಳುತ್ತಿತ್ತು. ಈಗ ನೇರ ಅವನ ಮೇಲೆ ಬಿತ್ತು. ಆ ನೋಟ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಹುರಿ ತಂದೀಯೇನು?”

ಮೊರದಿಂದ ಎತ್ತಿಕೊಂಡು ಬಂದಿದ್ದ ಹುರಿಯನ್ನು ಕೊಟ್ಟ. ಅವಳು ಅವನನ್ನು ಬದುವಿನ ಮೇಲೆ ನಿಲ್ಲಿಸಿ, ಬೆನ್ನ ಹಿಂದೆ ಬಂದು, ಹಿಮ್ಮಡಿಯಿಂದ ನೆತ್ತಿಯವರೆಗೆ ಎಳೆದು ನೋಡಿದಳು. “ಅಷ್ಟ ಅದ,” ಎಂದಳು. ಸರಿಯಾದ ಮಧ್ಯಾಹ್ನ. ಬದುವಿನ ಮೇಲೆ ಗಾಳಿ ಇರಲಿಲ್ಲ. ಅವಳು ಹುರಿಯನ್ನು ಹಿಡಿದುಕೊಂಡೇ ಅವನ ಎಡಕ್ಕೆ ಸರಿದು, ಬಾಗಿ, ಅದರ ತುದಿಯನ್ನು ಬರಿ ನೆಲಕ್ಕೆ ಒತ್ತಿ, ಏನೂ ಇಲ್ಲದ ಕಡೆ ಮೇಲಕ್ಕೆ ಎಳೆಯತೊಡಗಿದಳು. ಅವಳ ಅಳತೆಗೆ ಅಡ್ಡಿಯಾಗದಂತೆ ರವಿಕಿರಣ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತ.