ಗೆರೆಯ ಕೆಳಗಿನ ಮೂರು

ಹುವಾರಿಮಾಯೊ ಊರಿನ ನೆತ್ತಿಯ ಮೇಲೆ ಗಣಿಯ ಕೆಸರುನೀರನ್ನು ತಡೆದಿಟ್ಟ ಮಣ್ಣಿನ ಕಟ್ಟೆಯಿತ್ತು. ಆ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಕಟ್ಟೆಯ ಬುಡದಲ್ಲಿ ಹಳದಿ ನೀರು ಜಿನುಗತೊಡಗಿತು. ಅಲ್ಲಿ ಮೇಯುತ್ತಿದ್ದ ಲಾಮಾಗಳು ಯಾರೂ ಅಟ್ಟದೆ ಎದುರು ಗುಡ್ಡಕ್ಕೆ ಹೋಗಿಬಿಟ್ಟವು. ಜನ ಗಾಬರಿಯಾದರು. ಧೈರ್ಯ ಹೇಳಿ ಬಾ ಎಂದು ಗಣಿಯವರು ಎಂಜಿನಿಯರ್ ಎಡಿಲ್ಬರ್ತೊನನ್ನು ಶಾಲೆಗೆ ಕಳಿಸಿದರು. ಅವನು ಅದೇ ಊರಿನವನು, ದೊಮಿತಿಲಾ ಟೀಚರ್ ಹತ್ತಿರವೇ ಬೀಜಗಣಿತ ಕಲಿತವನು.

"ಹೆದರ್ಬೇಡ್ರೋ," ಎಂದ ಮಕ್ಕಳಿಗೆ. "ನೀರು ಹೊರಗೆ ಬಿಡೋ ಹಳೇ ಕೊಳವೆ ತುಕ್ಕು ಹಿಡಿದಿತ್ತು. ಅದರೊಳಗೇ ಹೊಸದು ತೂರಿಸಿದೀವಿ. ಈಗ ಮೊದಲಿಗಿಂತ ಜಾಸ್ತಿ ನೀರು ಹೋಗುತ್ತೆ. ನೀರು ಹೋಗೋದು ಕೊಳವೆ ಅಗಲದ ವರ್ಗದಷ್ಟು. ಲೆಕ್ಕಾನೇ ತೋರಿಸ್ತೀನಿ."

ಹೊಸದರ ಅಗಲ 2x, ಹಳೆಯದರದು 3y. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ನಡುವೆ ಗೆರೆ ಎಳೆದು, ಆವರಣ ಹಾಕಿ ವರ್ಗ ಮಾಡಿದ. ಮೇಲೆ 4x², ಕೆಳಗೆ 3y. "x, y ಹೆಚ್ಚುಕಮ್ಮಿ ಒಂದೇ. ಮೂರು ಪಾಲು ನೀರು ಹೋಗ್ತಿದ್ದ ಕಡೆ ಈಗ ನಾಲ್ಕು!"

ಹಿಂದಿನ ಬೆಂಚಿನಿಂದ ಟೀಚರ್ ಕೇಳಿದರು: "ಲೋ ಎಡಿ, ವರ್ಗ ಮೇಲಿರೋರಿಗೆ ಮಾತ್ರಾನಾ? ಕೆಳಗಿರೋ ಮೂರು ಏನ್ ಪಾಪ ಮಾಡ್ತು?"

ಮಕ್ಕಳು ಗೊಳ್ಳೆಂದರು. "ನೀವಿನ್ನೂ ಬೈಯೋದು ಬಿಟ್ಟಿಲ್ವಾ ಟೀಚರ್!" ಎಂದು ತಾನೂ ನಗುತ್ತ ಎಡಿಲ್ಬರ್ತೊ ಕೆಳಗಿನದನ್ನು ಅಳಿಸಿ 9y² ಎಂದು ತಿದ್ದಿದ. ಸೀಮೆಸುಣ್ಣ ಅಲ್ಲೇ ನಿಂತಿತು. ಒಂಬತ್ತು ಪಾಲಿಗೆ ನಾಲ್ಕು. ಅರ್ಧವೂ ಇಲ್ಲ.

ಅವನು ಹೊರಗೆ ಹೋಗಿ ಫೋನು ಮಾಡಿದ. ಟೀಚರ್ ಹಿಂದೆಯೇ ಬಂದರು.

"ಏನಂದ್ರೋ ನಿಮ್ ದೊಡ್ಡೋರು?"

"ಮಳೆ ನಿಲ್ಲಲಿ, ನೋಡೋಣ ಅಂತಾರೆ. ಊರಲ್ಲಿ ಬಾಯಿ ಬಿಡಬೇಡ ಅಂತಾರೆ." ಅವನು ಫೋನನ್ನು ಜೇಬಿಗೆ ಹಾಕಿದ. "ಆ ಲೆಕ್ಕ ನಂಬ್ಕೊಂಡು ಎರಡನೇ ಕೊಳವೆ ಬೇಡ ಅಂದೋನು ನಾನೇ ಟೀಚರ್. ಮಕ್ಕಳನ್ನ ಸ್ಮಶಾನದ ದಿಬ್ಬಕ್ಕೆ ಹತ್ತಿಸಿ. ಈಗಲೇ. ಕಟ್ಟೆ ಬುಡದಲ್ಲಿ ಕೆಲಸದೋರಿದಾರೆ, ನಾನು ಹೋಗ್ತೀನಿ."

ಟೀಚರ್ ಮಕ್ಕಳನ್ನು ಸಂತೆಬೀದಿಯಲ್ಲೇ ಓಡಿಸಿದರು, ಕಂಡಕಂಡವರನ್ನೆಲ್ಲ ಕೂಗಿ ಕರೆದರು. "ಲೆಕ್ಕ ಹೇಳೀ ಹೇಳೀ ತಲೆ ಕೆಟ್ಟಿತಾ ಟೀಚರಮ್ಮಂಗೆ?" ಎಂದಳು ಆಲೂಗಡ್ಡೆ ಮಾರುವ ಸತುರ್ನಿನಾ. ಆದರೆ ಓಡುವ ಮಕ್ಕಳಲ್ಲಿ ಮೊಮ್ಮಗಳ ಕೆಂಪು ಟೋಪಿ ಕಂಡದ್ದೇ, ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಎದ್ದಳು. ಅವಳ ಹಿಂದೆ ಬೀದಿಯೇ ಎದ್ದಿತು.

ದಿಬ್ಬದ ಮೇಲಿಂದ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು. ಕೆಲಸದವರು ಇರುವೆಸಾಲಿನಂತೆ ಪಕ್ಕದ ಗುಡ್ಡ ಏರುತ್ತಿದ್ದರು. ಅಷ್ಟರಲ್ಲಿ ಕಟ್ಟೆಯ ಬುಡ ಮೆಲ್ಲಗೆ ಉಬ್ಬಿತು. ಸದ್ದು ಆಮೇಲೆ ಬಂತು. ಕೆಸರು ಶಾಲೆಯ ಮಾಡನ್ನು ಮುಚ್ಚಿಕೊಂಡು ಹರಿದುಹೋಯಿತು.

ಸಂಜೆಗೆ ಕೆಲಸದವರು ಕೆಸರು ಮೆತ್ತಿಕೊಂಡು ದಿಬ್ಬಕ್ಕೆ ಬಂದರು. ಎಡಿಲ್ಬರ್ತೊ ಬರಲಿಲ್ಲ.

"ಕಿವುಡ ಕಾವಲುಗಾರ ಕಟ್ಟೆ ಬುಡದ ಗುಡಿಸಲಲ್ಲೇ ಉಳಿದ ಅಂತ ವಾಪಸ್ ಇಳಿದ, ಟೀಚರ್. ಬೇಡ ಅಂದ್ರೂ ಕೇಳ್ಲಿಲ್ಲ," ಎಂದ ಅವರಲ್ಲೊಬ್ಬ.

ಕಾವಲುಗಾರ ಅದಕ್ಕೂ ಮೊದಲೇ ಮನೆಗೆ ಊಟಕ್ಕೆ ಇಳಿದುಬಂದಿದ್ದ. ಈಗ ಗುಂಪಿನ ನಡುವೆ ನಿಂತು, ಎಲ್ಲರೂ ತನ್ನನ್ನೇ ಏಕೆ ನೋಡುತ್ತಿದ್ದಾರೆಂದು ತಿಳಿಯದೆ, ಒಬ್ಬೊಬ್ಬರ ತುಟಿಯನ್ನೂ ದಿಟ್ಟಿಸುತ್ತಿದ್ದ.